ನಮ್ಮ ಮಕ್ಕಳಿಗೆ ಡ್ರಾಯಿಂಗ್ ಏಕೆ ಬೇಕು?

(ಸಂಘದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಸಭೆಯಲ್ಲಿ ನಾನು ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ ನನಗೆ ಅಂಜಿಕೆಯೇ ಆಯಿತು. ಪಗಾರ, ಬೋನಸ್ಸು, ವಾರದ ರಜೆ, ಡ್ಯೂಟಿಯ ಹೊತ್ತು, ಇವುಗಳ ಮೇಲೆ ಎಷ್ಟು ಹೊತ್ತು ಬೇಕಾದರೂ ಮಾತನಾಡಬಲ್ಲೆ. ಅದು ನನ್ನ ನಿತ್ಯದ ಕೆಲಸ. ಆದರೆ ಇಂದಿನ ವಿಷಯ ಚಿತ್ರಕಲೆ. ಏಳನೆಯ ತರಗತಿಗೆ ಶಾಲೆ ಬಿಟ್ಟು ಮೋರಿಯ ಮುಂದೆ ಕಪ್ಪುಬಸಿ ತೊಳೆಯಲು ನಿಂತವನು ಚಿತ್ರಕಲೆಯ ಮೇಲೆ ಭಾಷಣ ಮಾಡುವುದೆಂದರೆ ನಗೆಗೀಡಾಗುವ ಸಂಗತಿ ಎಂದು ನನಗೂ ಗೊತ್ತು. ಆದರೂ ಒಪ್ಪಿಕೊಂಡೆ. ಏಕೆಂದರೆ ಇಂದು ನೀವು ಒಂದು ತೀರ್ಮಾನ ಮಾಡಲಿದ್ದೀರಿ. ಆ ತೀರ್ಮಾನಕ್ಕೆ ಮುಂಚೆ ಈ ಮಾತು ನಿಮ್ಮ ಕಿವಿಗೆ ಬೀಳಲೇಬೇಕು.

ಸಂಗತಿ ನಿಮಗೆಲ್ಲ ತಿಳಿದದ್ದೇ. ನಮ್ಮ ಸಭಾಗೃಹದಲ್ಲಿ ಪ್ರತಿ ಆದಿತ್ಯವಾರ ಬೆಳಿಗ್ಗೆ ಎರಡು ಗಂಟೆಯ ಕಾಲ ಹೈಸ್ಕೂಲಿನ ಮಕ್ಕಳಿಗೆ ಡ್ರಾಯಿಂಗ್ ವರ್ಗ ನಡೆಯುತ್ತಿದೆ. ಹಗಲು ಶಾಲೆಯ ಮಕ್ಕಳೂ ಬರುತ್ತಾರೆ, ರಾತ್ರಿಶಾಲೆಯ ಹುಡುಗರೂ ಬರುತ್ತಾರೆ. ಈಗ ಕೆಲವು ಪಾಲಕರು ಸಂಘಕ್ಕೆ ಅರ್ಜಿ ಕೊಟ್ಟಿದ್ದಾರೆ: ಆ ಎರಡು ಗಂಟೆಯನ್ನು ಇಂಗ್ಲಿಷು ಮತ್ತು ಗಣಿತದ ಟ್ಯೂಷನ್ನಿಗೆ ಕೊಡಿರಿ, ಚಿತ್ರ ಬರೆದು ನಮ್ಮ ಮಕ್ಕಳ ಹೊಟ್ಟೆ ತುಂಬುವುದಿಲ್ಲ, ಎಂದು. ಅರ್ಜಿ ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಅವರಲ್ಲಿ ಇಬ್ಬರು ನನ್ನ ಜೊತೆಗೆ ಒಂದೇ ಹೋಟೆಲಿನಲ್ಲಿ ದುಡಿದವರು. ಅವರ ಚಿಂತೆ ನನ್ನ ಚಿಂತೆಯೂ ಹೌದು. ನನ್ನ ಮಗಳೂ ಈಗ ಆರನೆಯ ತರಗತಿ. ಆದುದರಿಂದ ವಾದಕ್ಕಾಗಿ ಅಲ್ಲ, ಮನೆಯವರು ಮನೆಯವರೊಡನೆ ಮಾತನಾಡುವಂತೆ ಮಾತನಾಡುತ್ತೇನೆ.

ಮೊದಲು ನನ್ನದೇ ಒಂದು ಸಣ್ಣ ಕಥೆ. ಊರ ಶಾಲೆಯಲ್ಲಿ ನನಗೆ ಓದಿಗಿಂತ ಗೀಚುವುದರಲ್ಲಿ ಆಸಕ್ತಿ. ಯಕ್ಷಗಾನದ ವೇಷ ನೋಡಿ ಬಂದ ಮರುದಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಕಿರೀಟ ಬರೆದಿದ್ದೆ. ಮಾಸ್ತರರು ಅದನ್ನು ಕ್ಲಾಸಿಗೆಲ್ಲ ತೋರಿಸಿ, ಹರಿದು, ಎರಡು ಪೆಟ್ಟು ಕೊಟ್ಟರು. "ಲೆಕ್ಕ ಬಾರದವನಿಗೆ ಕಿರೀಟ ಬೇರೆ" ಎಂದರು. ಮಕ್ಕಳೆಲ್ಲ ನಕ್ಕರು. ಪೆಟ್ಟಿನ ನೋವು ಸಂಜೆಗೆ ಹೋಯಿತು. ನಗೆ ಹೋಗಲಿಲ್ಲ. ಆ ಮೇಲೆ ಬಹಳ ವರ್ಷ ನಾನು ಪೆನ್ಸಿಲು ಹಿಡಿದದ್ದು ಆರ್ಡರು ಬರೆಯಲಿಕ್ಕೆ ಮಾತ್ರ.

ಮುಂಬಯಿಗೆ ಬಂದು ಆರೇಳು ವರ್ಷವಾದ ಮೇಲೆ, ಹೋಟೆಲಿನ ಬಾಗಿಲಲ್ಲಿ ಇಡುವ ಕರಿಹಲಗೆಯ ಮೇಲೆ ಆ ದಿನದ ತಿಂಡಿಯ ಹೆಸರು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಒಂದು ದಿನ ಸುಮ್ಮನೆ ಹೆಸರಿನ ಪಕ್ಕದಲ್ಲಿ ಹಬೆಯಾಡುವ ಇಡ್ಲಿಯ ಚಿತ್ರ ಬರೆದೆ. ಗಿರಾಕಿಗಳು ನಿಂತು ನೋಡಿದರು. ಓದು ಬಾರದ ಒಬ್ಬ ಹಮಾಲ ಬೆರಳು ತೋರಿಸಿ "ಇದು ಕೊಡು" ಎಂದ. ಅಂದಿನವರೆಗೆ ಅವನು ಪಕ್ಕದವನ ತಟ್ಟೆ ನೋಡಿ ಆರ್ಡರು ಕೊಡುತ್ತಿದ್ದನಂತೆ. ಆ ದಿನ ನನಗೆ ಹೊಳೆಯಿತು: ಚಿತ್ರ ಎಂಬುದು ಬರೇ ಶೋಕಿಯಲ್ಲ. ಅದೂ ಒಂದು ಮಾತು. ಅಕ್ಷರ ಮುಟ್ಟದ ಕಡೆಗೂ ಅದು ಮುಟ್ಟುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಡ್ರಾಯಿಂಗ್ ಕಲಿಸುವುದು ಎಂದರೆ ಏನು? ಬಹಳ ಜನ ತಿಳಿದಿರುವುದು ಹೀಗೆ: ಮಾಸ್ತರರು ಹಲಗೆಯ ಮೇಲೆ ಒಂದು ಗಿಳಿ ಬರೆಯುತ್ತಾರೆ, ನಲವತ್ತು ಮಕ್ಕಳು ಅದೇ ಗಿಳಿಯನ್ನು ಬರೆಯುತ್ತಾರೆ, ಯಾರ ಗಿಳಿ ಮಾಸ್ತರರ ಗಿಳಿಯಂತೆ ಇದೆಯೋ ಅವನಿಗೆ ಶಾಬಾಸ್. ಇದು ಕಲಿಸುವುದಲ್ಲ, ನಕಲು ಮಾಡಿಸುವುದು. ನಮ್ಮ ಆದಿತ್ಯವಾರದ ವರ್ಗಕ್ಕೆ ಬರುವ ಮಾಸ್ತರರು ಮೊದಲ ದಿನ ಏನು ಮಾಡಿದರು ಗೊತ್ತೇ? ಸಂಘದ ಅಡಿಗೆಮನೆಯಿಂದ ಒಂದು ಸ್ಟೀಲು ಲೋಟ ತರಿಸಿ ಮೇಜಿನ ಮೇಲೆ ಇಟ್ಟರು. "ಇದನ್ನು ಬರೆಯಿರಿ" ಎಂದರು. ಮಕ್ಕಳೆಲ್ಲ ಲೋಟದ ಬಾಯಿಯನ್ನು ದುಂಡಗೆ ಬರೆದು, ಬುಡವನ್ನು ನೆಟ್ಟಗೆ ಒಂದು ಗೆರೆ ಎಳೆದು ಮುಗಿಸಿದರು. ನಾನೂ ಹಿಂದೆ ಕುಳಿತು ಹಾಗೆಯೇ ಬರೆದೆ.

ಆಗ ಮಾಸ್ತರರು ಲೋಟವನ್ನು ಮೇಲೆತ್ತಿ ಕಣ್ಣಿನ ಸಮಕ್ಕೆ ಹಿಡಿದರು. "ಬಾಯಿ ಹೇಗೆ ಕಾಣುತ್ತದೆ?" ಎಂದರು. ಬಾಯಿ ಒಂದು ನೆಟ್ಟಗಿನ ಗೆರೆಯಾಗಿ ಕಾಣುತ್ತಿತ್ತು. ಮೆಲ್ಲನೆ ಕೆಳಗಿಳಿಸಿದರು. ಗೆರೆ ಬಾಯ್ದೆರೆದು ಮೊಟ್ಟೆಯಾಕಾರವಾಯಿತು. ಇನ್ನೂ ಕೆಳಗಿಳಿಸಿದರು, ಹೆಚ್ಚು ದುಂಡಗಾಯಿತು. "ಹಾಗಾದರೆ ಬುಡ ಬಾಯಿಗಿಂತ ಕೆಳಗಿದೆ. ಅದು ಹೆಚ್ಚು ಬಾಗಬೇಕೋ, ಕಡಿಮೆ ಬಾಗಬೇಕೋ?" ಎಂದು ಕೇಳಿದರು. ಮಕ್ಕಳು ಬಗ್ಗಿ ನೋಡಿದರು. ಹೌದು, ಬುಡದ ಗೆರೆ ಬಾಯಿಯ ಗೆರೆಗಿಂತ ಹೆಚ್ಚು ಬಾಗಿತ್ತು. ನಾವು ಯಾರೂ ಅದನ್ನು ನೋಡಿಯೇ ಇರಲಿಲ್ಲ. ಲೋಟದ ಬುಡ ನೆಲಕ್ಕೆ ಕೂರುತ್ತದೆ ಎಂದು ಗೊತ್ತಿದ್ದುದರಿಂದ ನೆಟ್ಟಗೆ ಎಳೆದಿದ್ದೆವು. ಬಂಧುಗಳೇ, ಹೋಟೆಲಿನಲ್ಲಿ ನಾನು ತೊಳೆದ ಲೋಟಗಳ ಲೆಕ್ಕ ದೇವರಿಗೇ ಗೊತ್ತು. ಆದರೆ ಒಂದೇ ಒಂದು ಲೋಟವನ್ನು ನಾನು ನೋಡಿರಲಿಲ್ಲ. ಗೊತ್ತಿದೆ ಎಂದುಕೊಂಡದ್ದನ್ನು ಬದಿಗಿಟ್ಟು ಎದುರಿಗೆ ಇದ್ದದ್ದನ್ನು ನೋಡುವುದು, ಇದೇ ಡ್ರಾಯಿಂಗಿನ ಮೊದಲ ಪಾಠ. ಲೆಕ್ಕದ ಪುಸ್ತಕ ನೋಡುವಾಗಲೂ, ಪಗಾರದ ಚೀಟಿ ನೋಡುವಾಗಲೂ ನಮಗೆ ಬೇಕಾದದ್ದು ಈ ಕಣ್ಣೇ ಅಲ್ಲವೇ?

ಈ ವಿದ್ಯೆಯನ್ನು ಶಾಲೆಗಳಿಗೆ ಯಾರು ತಂದರು, ಏಕೆ ತಂದರು ಎಂಬುದನ್ನು ನಾವು ಕಾರ್ಮಿಕರು ತಿಳಿದಿರಬೇಕು. ನಾನು ಮಾಸ್ತರರನ್ನು ಕೇಳಿ, ವಾಚನಾಲಯದಲ್ಲಿ ಓದಿ ತಿಳಿದುಕೊಂಡಷ್ಟನ್ನು ಹೇಳುತ್ತೇನೆ. ಇಂಗ್ಲೆಂಡಿನ ಗಿರಣಿಗಳು ಲೋಕಕ್ಕೆಲ್ಲ ಬಟ್ಟೆ ಮಾರುತ್ತಿದ್ದ ಕಾಲ. ಯಂತ್ರ ಅವರದೇ, ಬಲ ಅವರದೇ. ಆದರೆ ಚಂದದ ವಿನ್ಯಾಸಕ್ಕೆ ಜನ ಫ್ರಾನ್ಸಿನ ಮಾಲಿನ ಕಡೆ ನೋಡುತ್ತಿದ್ದರು. ಫ್ರಾನ್ಸಿನಲ್ಲಿ ರೇಷ್ಮೆ ನೇಯುವ ಊರುಗಳಲ್ಲಿ ಚಿತ್ರ ಕಲಿಸುವ ಏರ್ಪಾಟು ಇತ್ತು. ೧೮೩೫ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಈ ಬಗ್ಗೆ ಒಂದು ಸಮಿತಿ ನೇಮಿಸಿತು. ೧೮೩೭ರಲ್ಲಿ ಲಂಡನ್ನಿನಲ್ಲಿ ಸರಕಾರವೇ ವಿನ್ಯಾಸದ ಶಾಲೆ ತೆರೆಯಿತು. ಅಮೆರಿಕದ ಮೆಸಾಚುಸೆಟ್ಸ್ ಸಂಸ್ಥಾನದಲ್ಲಿ, ಅದೂ ಬಟ್ಟೆಗಿರಣಿಗಳ ಸೀಮೆಯೇ, ೧೮೭೦ರಲ್ಲಿ ಕಾನೂನು ಮಾಡಿದರು. ಸರಕಾರಿ ಶಾಲೆಗಳಲ್ಲಿ ಡ್ರಾಯಿಂಗ್ ಕಲಿಸಬೇಕು. ಅಷ್ಟೇ ಅಲ್ಲ, ಹತ್ತು ಸಾವಿರಕ್ಕಿಂತ ಹೆಚ್ಚು ಜನರಿರುವ ಪ್ರತಿ ಊರೂ ಹದಿನೈದು ವಯಸ್ಸು ದಾಟಿದವರಿಗೆ ಹಗಲಾಗಲಿ ಸಂಜೆಯಾಗಲಿ ಉಚಿತವಾಗಿ ಕೈಗಾರಿಕೆಯ ಡ್ರಾಯಿಂಗ್ ಕಲಿಸಬೇಕು, ಎಂದು. ಅಂದರೆ ರಾತ್ರಿಶಾಲೆಯಲ್ಲಿ ಕಾರ್ಮಿಕನಿಗೆ ಡ್ರಾಯಿಂಗ್ ಕಲಿಸುವುದು ಇಂದಿನ ಹೊಸ ಹುಚ್ಚಲ್ಲ. ನೂರೈವತ್ತು ವರ್ಷ ಹಳೆಯ ಮಾತು.

ನಮ್ಮ ಮುಂಬಯಿಯನ್ನೇ ನೋಡಿ. ಜಮ್ಷೆಟ್ಜಿ ಜೀಜಿಭಾಯಿಯವರು ಕೊಟ್ಟ ಒಂದು ಲಕ್ಷ ರೂಪಾಯಿಯ ದಾನದಿಂದ ೧೮೫೭ರಲ್ಲಿ ಜೆ. ಜೆ. ಕಲಾಶಾಲೆ ಆರಂಭವಾಯಿತು. ಬೋರಿಬಂದರ ಸ್ಟೇಷನ್ನಿನಲ್ಲಿ ನೀವು ದಿನವೂ ಇಳಿದು ಹತ್ತುತ್ತೀರಿ. ಅಲ್ಲಿ ಕಂಬದ ತಲೆಯ ಮೇಲೆ, ಕಮಾನಿನ ಮೂಲೆಯಲ್ಲಿ ಕಲ್ಲಿನ ಎಲೆಬಳ್ಳಿ, ಹಕ್ಕಿ, ಪ್ರಾಣಿಗಳ ಕೆತ್ತನೆಗಳಿವೆ. ಆ ಅಲಂಕಾರದ ಕೆಲಸದಲ್ಲಿ ಜೆ. ಜೆ. ಶಾಲೆಯ ವಿದ್ಯಾರ್ಥಿಗಳ ಕೈ ಇದೆ. ನೂರಾರು ಸಲ ಅದರ ಕೆಳಗೆ ಓಡಿ ಲೋಕಲ್ ಹಿಡಿದಿದ್ದೇವೆ, ಒಮ್ಮೆಯೂ ತಲೆ ಎತ್ತಿ ನೋಡಿಲ್ಲ. ನಾಳೆ ಒಂದು ನಿಮಿಷ ನಿಂತು ನೋಡಿರಿ, ಮಕ್ಕಳಿಗೂ ತೋರಿಸಿರಿ. ಟಿಕೆಟು ಬೇರೆ ಬೇಡ.

ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಆ ಕಾಲದ ಮಾಲಕರಿಗೂ ಸರಕಾರಕ್ಕೂ ಬೇಕಾಗಿದ್ದುದು ಕಾರ್ಮಿಕನ ಕೈ. ಹೇಳಿದ ಗೆರೆಯನ್ನು ತಪ್ಪದೆ ಎಳೆಯುವ ಕೈ. ಆದುದರಿಂದ ಪಾಠವೂ ಹಾಗೆಯೇ ಇತ್ತು. ಮೊದಲು ನೆಟ್ಟಗೆರೆ, ಆಮೇಲೆ ಬಾಗುಗೆರೆ, ಆಮೇಲೆ ಅಚ್ಚಿನ ಚಿತ್ರದ ನಕಲು. ಮಗು ತನ್ನ ಮನಸ್ಸಿನಿಂದ ಏನನ್ನಾದರೂ ಬರೆಯಬಹುದು ಎಂಬ ವಿಚಾರವೇ ಅಲ್ಲಿ ಇರಲಿಲ್ಲ. ೧೮೯೭ರಲ್ಲಿ ವಿಯೆನ್ನಾ ನಗರದಲ್ಲಿ ಫ್ರಾಂಜ್ ಚಿಝೆಕ್ ಎಂಬ ಶಿಕ್ಷಕರು ಮಕ್ಕಳಿಗಾಗಿಯೇ ಒಂದು ಕಲಾವರ್ಗ ತೆರೆದು ಅವರು ತಮಗೆ ಕಂಡದ್ದನ್ನು ತಮ್ಮ ರೀತಿಯಲ್ಲಿ ಬರೆಯಲು ಬಿಟ್ಟರು. ನಮ್ಮ ದೇಶದಲ್ಲಿ ರವೀಂದ್ರನಾಥ ಠಾಕೂರರು ೧೯೧೯ರಲ್ಲಿ ಶಾಂತಿನಿಕೇತನದಲ್ಲಿ ಕಲಾಭವನ ಸ್ಥಾಪಿಸಿದರು. ನಂದಲಾಲ ಬೋಸರು ಅಲ್ಲಿ ಸುತ್ತಲಿನ ಹಳ್ಳಿ, ಮರ, ದುಡಿಯುವ ಜನ ಇವರನ್ನೇ ನೋಡಿ ಬರೆಯುವ ಅಭ್ಯಾಸ ಬೆಳೆಸಿದರು. ಕೈಯನ್ನೂ ಪಳಗಿಸಬೇಕು, ಮನಸ್ಸನ್ನೂ ಬಿಡಬೇಕು. ಹದಿಮೂರರಿಂದ ಹದಿನಾರರ ವಯಸ್ಸಿನ ಮಕ್ಕಳಿಗೆ ಕಲಿಸುವುದರ ಕಷ್ಟ ಇರುವುದು ಇಲ್ಲಿಯೇ.

ಏಕೆಂದರೆ ಚಿಕ್ಕ ಮಗುವಿಗೆ ಹೆದರಿಕೆ ಇಲ್ಲ. ಐದು ವರ್ಷದ ಮಗು ಅಪ್ಪನ ಕೈಗೆ ಏಳು ಬೆರಳು ಬರೆದು ಓಡಿಬಂದು ತೋರಿಸುತ್ತದೆ. ಎಂಟನೆಯ ತರಗತಿಯ ಹುಡುಗ ಹಾಗಲ್ಲ. ತನ್ನ ಚಿತ್ರ ನಿಜದಂತೆ ಇಲ್ಲ ಎಂದು ಅವನಿಗೇ ಗೊತ್ತಾಗುತ್ತದೆ. ನಾಚುತ್ತಾನೆ, ಅಳಿಸುತ್ತಾನೆ, ಕೊನೆಗೆ "ನನಗೆ ಡ್ರಾಯಿಂಗ್ ಬರುವುದಿಲ್ಲ" ಎಂದು ಪುಸ್ತಕ ಮುಚ್ಚುತ್ತಾನೆ. ಆ ವೇಳೆಗೆ ಯಾರಾದರೂ ನಕ್ಕರೋ, ಮುಗಿಯಿತು. ನನ್ನ ಕಥೆ ನೀವು ಕೇಳಿದಿರಿ. ನಮ್ಮ ಮಾಸ್ತರರು ಮಕ್ಕಳ ಹಾಳೆಯ ಮೇಲೆ ತಾವು ಒಂದು ಗೆರೆಯನ್ನೂ ಎಳೆಯುವುದಿಲ್ಲ. ತಪ್ಪಿದ್ದರೆ ಬದಿಯಲ್ಲಿ ಬೇರೆ ಚೂರು ಕಾಗದದ ಮೇಲೆ ತೋರಿಸುತ್ತಾರೆ, ಇಲ್ಲವೆ "ಇನ್ನೊಮ್ಮೆ ಲೋಟವನ್ನು ನೋಡು, ನನ್ನನ್ನು ನೋಡಬೇಡ" ಎನ್ನುತ್ತಾರೆ. ಹಾಳೆ ಮಗುವಿನದು, ತಪ್ಪೂ ಮಗುವಿನದು, ತಿದ್ದುವುದೂ ಮಗುವಿನದೇ.

ಇನ್ನು ಪರೀಕ್ಷೆಯ ಮಾತು. ಪಾಲಕರಿಗೆ ಇದು ಗೊತ್ತಿರುವುದು ಅವಶ್ಯ. ಮಹಾರಾಷ್ಟ್ರ ಸರಕಾರದ ಕಲಾ ಸಂಚಾಲನಾಲಯವು ಶಾಲೆಯ ಮಕ್ಕಳಿಗಾಗಿ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್ ಎಂಬ ಎರಡು ಡ್ರಾಯಿಂಗ್ ಗ್ರೇಡ್ ಪರೀಕ್ಷೆಗಳನ್ನು ನಡೆಸುತ್ತದೆ. ಎದುರಿಗಿಟ್ಟ ವಸ್ತುವನ್ನು ನೋಡಿ ಬರೆಯುವುದು ಒಂದು. ನೆನಪಿನಿಂದ ಚಿತ್ರ ಬರೆಯುವುದು ಎರಡು, ಸಂತೆ, ಬಸ್‌ಸ್ಟಾಪು, ಹಬ್ಬ, ಅಡಿಗೆಮನೆ ಹೀಗೆ. ವಿನ್ಯಾಸ ಅಂದರೆ ಡಿಸೈನು ಮೂರು. ರೇಖಾಗಣಿತ ಮತ್ತು ಅಕ್ಷರ ಬರೆಯುವುದು ನಾಲ್ಕು. ಪಾಸಾದವರಿಗೆ ಎ, ಬಿ, ಸಿ ಎಂದು ಗ್ರೇಡು ಕೊಡುತ್ತಾರೆ. ಇಂಟರ್‌ಮೀಡಿಯೆಟ್ ಪಾಸಾದವರಿಗೆ ಹತ್ತನೆಯ ತರಗತಿಯ ಬೋರ್ಡು ಪರೀಕ್ಷೆಯಲ್ಲಿ ಗ್ರೇಡಿಗನುಸಾರ ಕೆಲವು ಹೆಚ್ಚಿನ ಅಂಕ ಸಿಗುವ ಏರ್ಪಾಟೂ ಇದೆ. ಅದರ ನಿಯಮ, ಅರ್ಜಿಯ ತಾರೀಖು ಇವುಗಳನ್ನು ಮಕ್ಕಳ ಶಾಲೆಯಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳಿ. "ಡ್ರಾಯಿಂಗಿಗೆ ಮಾರ್ಕಿಲ್ಲ" ಎಂದು ಅರ್ಜಿಯಲ್ಲಿ ಬರೆದಿದ್ದೀರಿ. ಇದೆ, ಕೇಳುವವರು ಇಲ್ಲ, ಅಷ್ಟೇ.

ಈ ನಾಲ್ಕರಲ್ಲಿ ನಮ್ಮವರಿಗೆ ಹತ್ತಿರದ ವಿಷಯ ಡಿಸೈನು. ಇಲ್ಲಿ ಗಿರಣಿಯಲ್ಲಿ ದುಡಿದ ಹಿರಿಯರು ಕುಳಿತಿದ್ದಾರೆ. ಸೀರೆಯ ಅಂಚಿನಲ್ಲಿ ಒಂದು ಮಾವಿನಕಾಯಿಯ ಬುಟ್ಟಾ ಬರುತ್ತದೆ, ಮತ್ತೆ ಬರುತ್ತದೆ, ಮತ್ತೆ ಬರುತ್ತದೆ. ಎರಡರ ನಡುವೆ ಎಷ್ಟು ಜಾಗ ಬಿಡಬೇಕು, ಒಂದರ ತುದಿ ಇನ್ನೊಂದರ ಬುಡಕ್ಕೆ ಹೇಗೆ ಕೂಡಬೇಕು, ಇದನ್ನು ಮೊದಲು ಕಾಗದದ ಮೇಲೆ ಮಾಡಬೇಕು. ಆಮೇಲೆ ಚೌಕಳಿ ಕಾಗದದ ಮೇಲೆ, ಹಾಸು ಹೊಕ್ಕುಗಳು ಸೇರುವ ಒಂದೊಂದು ಜಾಗಕ್ಕೂ ಒಂದೊಂದು ಚೌಕದಂತೆ ತುಂಬಬೇಕು. ಜಕಾರ್ಡ್ ಮಗ್ಗದ ತೂತಿನ ಕಾರ್ಡುಗಳು ಅದೇ ಚೌಕಗಳ ಲೆಕ್ಕದಿಂದ ಆಗುತ್ತವೆ. ಮಕ್ಕಳಿಗೆ ಇದನ್ನು ಕಲಿಸಲು ಮಗ್ಗ ಬೇಡ, ಅವರ ತಾಯಿಯ ರಂಗೋಲಿ ಸಾಕು. ಚುಕ್ಕೆ ಎಣಿಸಿ ಇಡುವವಳು ಗಣಿತವನ್ನೂ ಬಲ್ಲಳು, ವಿನ್ಯಾಸವನ್ನೂ ಬಲ್ಲಳು. ಅವಳಿಗೆ ಸರ್ಟಿಫಿಕೇಟು ಕೊಟ್ಟವರಿಲ್ಲ, ಅಷ್ಟೇ.

ಆದರೆ ಡಿಸೈನು ಎಂದರೆ ಹೂಬಳ್ಳಿ ಮಾತ್ರವಲ್ಲ. ಮತ್ತೆ ಆ ಲೋಟಕ್ಕೇ ಬನ್ನಿ. ನಮ್ಮ ಕಾಫಿಯ ಸ್ಟೀಲು ಲೋಟದ ಬಾಯಿಯ ಅಂಚು ಹೊರಕ್ಕೆ ಮಡಚಿರುತ್ತದೆ. ಏಕೆ? ಲೋಟದ ಮೈ ಸುಡುತ್ತದೆ. ಹೊರಚಾಚಿದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಎತ್ತಬಹುದು. ಕೆಳಗಿನ ಬಟ್ಟಲು ಆರಿಸಲಿಕ್ಕೆ. ಯಾರೋ ಒಬ್ಬ ಹೆಸರಿಲ್ಲದವನು ಸುಟ್ಟ ಬೆರಳನ್ನು ಊದಿಕೊಂಡು ಇದನ್ನು ಯೋಚಿಸಿರಬೇಕು. ಡಿಸೈನು ಹುಟ್ಟುವುದು ಒಬ್ಬರ ಕಷ್ಟದಿಂದ. ಮಾಸ್ತರರು ಮಕ್ಕಳಿಗೆ ಕೊಟ್ಟ ಮನೆಗೆಲಸವೂ ಇದೇ: "ನಿಮ್ಮ ಮನೆಯಲ್ಲಾಗಲಿ, ನಿಮ್ಮ ತಂದೆ ಕೆಲಸ ಮಾಡುವಲ್ಲಾಗಲಿ, ಒಂದು ಕಷ್ಟ ಹುಡುಕಿ. ಮಾತಿನಲ್ಲಿ ಬೇಡ. ಅಳೆದು, ಚಿತ್ರ ಬರೆದು ತನ್ನಿ." ಒಬ್ಬ ಹುಡುಗಿ ಚಾಳಿನ ನಲ್ಲಿಯ ಮುಂದೆ ಕೊಡಗಳ ಸಾಲು ಹೇಗೆ ನಿಂತರೆ ಜಗಳ ಕಡಿಮೆಯಾದೀತು ಎಂದು ಬರೆದು ತಂದಳು. ಇನ್ನೊಬ್ಬ ದೋಸೆಯ ಕಾವಲಿಯಿಂದ ಸಪ್ಲೈಯ ಕಟ್ಟೆಗೆ ಎಷ್ಟು ಹೆಜ್ಜೆ ಎಂದು ಎಣಿಸಿ ತಂದ.

ಮೂರನೆಯವನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಅವನು ಹದಿನೇಳು ವರ್ಷದ ಹುಡುಗ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಒಂಬತ್ತನೆಯ ತರಗತಿ ಓದುತ್ತಾನೆ. ಅವನ ಹೆಸರು, ಹೋಟೆಲಿನ ಹೆಸರು ಬೇಡ. ಕೆಲಸದವರು ಮಲಗುವ ಅಟ್ಟದ ಖೋಲಿಯನ್ನು ಅವನು ಅಳೆದು ತಂದ. ಹದಿನೆಂಟು ಅಡಿ ಉದ್ದ, ಒಂಬತ್ತು ಅಡಿ ಅಗಲ. ಅದರಲ್ಲಿ ಆರು ಅಡಿಯಷ್ಟು ಉದ್ದಕ್ಕೆ ಅಕ್ಕಿ, ಬೇಳೆ, ಹಿಟ್ಟಿನ ಗೋಣಿ. ಉಳಿದದ್ದು ಹನ್ನೆರಡು ಅಡಿಗೆ ಒಂಬತ್ತು ಅಡಿ. ಮಲಗುವವರು ಹದಿನಾಲ್ಕು ಜನ. ಆ ಅಟ್ಟದ ಬಗ್ಗೆ ನಾವು ಸಂಘದವರು ಎರಡು ಸಲ ಅರ್ಜಿ ಕೊಟ್ಟಿದ್ದೆವು. "ಜಾಗ ಧಾರಾಳವಿದೆ, ನಿಮಗೆ ಹೇಳಲು ಬೇರೆ ಕೆಲಸವಿಲ್ಲ" ಎಂದೇ ಉತ್ತರ.

ಹುಡುಗ ರೇಖಾಗಣಿತದ ಪಾಠದಲ್ಲಿ ಕಲಿತಂತೆ ಎರಡು ಅಡಿಗೆ ಒಂದು ಇಂಚಿನ ಅಳತೆ ಹಿಡಿದು ಖೋಲಿಯ ನಕ್ಷೆ ಬರೆದ. ಒಂಬತ್ತು ಇಂಚು, ನಾಲ್ಕೂವರೆ ಇಂಚು. ಒಬ್ಬ ಮನುಷ್ಯ ಮಲಗಲು ಆರು ಅಡಿ ಉದ್ದ, ಎರಡು ಅಡಿ ಅಗಲ ಬೇಕು. ಅದನ್ನು ಅದೇ ಅಳತೆಯಲ್ಲಿ ಮೂರು ಇಂಚಿಗೆ ಒಂದು ಇಂಚಿನ ಕಾಗದದ ಚೂರು ಮಾಡಿದ. ಹದಿನಾಲ್ಕು ಚೂರು ಕತ್ತರಿಸಿ ಒಂದೊಂದರ ಮೇಲೂ ಒಬ್ಬೊಬ್ಬರ ಹೆಸರು ಬರೆದ. ಮಾತುಕತೆಗೆ ಹೋಗುವಾಗ ನಾನು ಆ ನಕ್ಷೆಯನ್ನೂ ಚೂರುಗಳನ್ನೂ ಒಂದು ಲಕೋಟೆಯಲ್ಲಿ ಒಯ್ದೆ. ಧಣಿಗಳ ಮೇಜಿನ ಮೇಲೆ ಹರಡಿ, "ಜಾಗ ಧಾರಾಳವಿದೆ ಎಂದಿರಿ. ಇವರನ್ನು ತಾವೇ ಮಲಗಿಸಿರಿ" ಎಂದೆ.

ಅವರು ನಗುತ್ತಲೇ ಚೂರುಗಳನ್ನು ಇಡಲು ಆರಂಭಿಸಿದರು. ಆರು ಜನರನ್ನು ಸಾಲಾಗಿ ಮಲಗಿಸಿದರು. ಅವರ ಕಾಲ ಬುಡದಲ್ಲಿ ಅಡ್ಡಲಾಗಿ ಇಬ್ಬರನ್ನು ಇಟ್ಟರು. ಎಂಟಾಯಿತು. ಒಂಬತ್ತನೆಯವನಿಗೆ ಜಾಗ ಸಿಗಲಿಲ್ಲ. ತಿರುಗಿಸಿ ನೋಡಿದರು, ಎಲ್ಲವನ್ನೂ ತೆಗೆದು ಮತ್ತೆ ಇಟ್ಟು ನೋಡಿದರು. ನಗು ನಿಂತಿತು. ಕೈಯಲ್ಲಿ ಆರು ಚೂರು ಉಳಿದಿದ್ದವು. ಅದರಲ್ಲಿ ಒಂದರ ಮೇಲಿನ ಹೆಸರು ಇಪ್ಪತ್ತು ವರ್ಷದಿಂದ ಅವರ ಅಡಿಗೆ ನೋಡಿಕೊಂಡಿದ್ದ ಭಟ್ಟರದು. ಅವರು ಅದನ್ನು ಓದಿ ಸುಮ್ಮನೆ ಕುಳಿತರು. ನಾನೂ ಮಾತನಾಡಲಿಲ್ಲ. ಇಷ್ಟು ವರ್ಷ ಘೋಷಣೆ ಕೂಗಿದವನು ನಾನು. ಅಂದು ಕೂಗುವ ಅವಶ್ಯಕತೆಯೇ ಬೀಳಲಿಲ್ಲ.

ಫಲವೇನಾಯಿತು? ಪೂರ್ಣ ನ್ಯಾಯ ಸಿಕ್ಕಿತೆಂದು ಹೇಳಿದರೆ ಸುಳ್ಳಾಗುತ್ತದೆ. ಗೋಣಿಗಳು ಬೇರೆ ಕಡೆಗೆ ಹೋದವು. ನಾಲ್ವರಿಗೆ ಬೇರೆ ಖೋಲಿ ಆಯಿತು. ಈಗ ಅಟ್ಟದಲ್ಲಿ ಹತ್ತು ಜನ. ಗಾಳಿಗೆ ಒಂದು ಕಿಟಕಿ ಒಡೆಸಬೇಕೆಂಬ ಬೇಡಿಕೆ ಇನ್ನೂ ಬಾಕಿ ಇದೆ. ಆ ಕಿಟಕಿಯ ನಕ್ಷೆಯನ್ನೂ ಹುಡುಗ ಬರೆದಿದ್ದಾನೆ. ನಾವು ಬಿಡುವವರಲ್ಲ. ಆದರೆ ಎರಡು ಅರ್ಜಿಯಿಂದ ಆಗದ ಕೆಲಸದ ಬಾಗಿಲನ್ನು ಒಂದು ಡ್ರಾಯಿಂಗ್ ಹಾಳೆ ತೆರೆಯಿತು ಎಂಬುದನ್ನು ನಾನು ಕಣ್ಣಾರೆ ಕಂಡೆ. ಇದನ್ನು ಕಂಡ ಮೇಲೂ "ಚಿತ್ರ ಹೊಟ್ಟೆ ತುಂಬುವುದಿಲ್ಲ" ಎಂದು ನಾನು ಹೇಗೆ ಒಪ್ಪಲಿ?

ಈಗ ನಿಮ್ಮ ಆಕ್ಷೇಪಗಳಿಗೆ ಬರುತ್ತೇನೆ. "ಇಂಗ್ಲಿಷು ಗಣಿತ ಇಲ್ಲದೆ ನೌಕರಿ ಇಲ್ಲ." ನಿಜ. ಇಂಗ್ಲಿಷು ಗಣಿತದ ಟ್ಯೂಷನ್ನು ಬೇಕೇ ಬೇಕು. ಅದನ್ನು ಬುಧವಾರ, ಶುಕ್ರವಾರ ಸಂಜೆ ಇಡೋಣ. ಆ ಎರಡು ಸಂಜೆ ಸಭಾಗೃಹ ಖಾಲಿ ಇರುತ್ತದೆ ಎಂದು ಕಾರ್ಯದರ್ಶಿಗಳೇ ಹೇಳಿದ್ದಾರೆ. ಒಂದನ್ನು ಕೊಡಲು ಇನ್ನೊಂದನ್ನು ಕಸಿಯುವ ಪ್ರಮೇಯವೇ ಇಲ್ಲ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ಕಲೆಗೂ ವಿಜ್ಞಾನಕ್ಕೂ ನಡುವೆ ಗಟ್ಟಿ ಗೋಡೆ ಇರಬಾರದು ಎಂದಿದೆ. ಕಾಗದದ ಮೇಲಿನ ಆ ಮಾತು ನಮ್ಮ ಮಕ್ಕಳ ತನಕ ಬರಬೇಕಾದರೆ ನಾವೇ ಬಾಗಿಲು ತೆರೆದಿಡಬೇಕು.

"ಚಿತ್ರಗಾರನಾಗಿ ಯಾರು ಬದುಕಿದ್ದಾರೆ?" ಎಂದು ಒಬ್ಬರು ಕೇಳಿದರು. ಹೆಬ್ಬಾರರ ಹೆಸರನ್ನು ಕೇಳಿರುತ್ತೀರಿ. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ ೧೯೧೧ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ನಮ್ಮಂತೆಯೇ ಈ ಶಹರಕ್ಕೆ ಬಂದವರು. ಜೆ. ಜೆ. ಶಾಲೆಯಲ್ಲಿ ಕಲಿತು ೧೯೩೮ರಲ್ಲಿ ಡಿಪ್ಲೊಮಾ ಪಡೆದರು. ಆಮೇಲೆ ಅಲ್ಲಿಯೇ ಕಲಿಸಿದರು. ಪ್ಯಾರಿಸ್ಸಿಗೂ ಹೋಗಿ ಅಭ್ಯಾಸ ಮಾಡಿದರು. ೧೯೬೧ರಲ್ಲಿ ಪದ್ಮಶ್ರೀ, ೧೯೮೯ರಲ್ಲಿ ಪದ್ಮಭೂಷಣ ಬಂತು. ಅವರ ಒಂದೇ ಗೆರೆಯಲ್ಲಿ ಕುಣಿಯುವವರ ಇಡೀ ಮೈ ಕಾಣುತ್ತದೆ. ಆದರೆ ನಿಮ್ಮ ಮಗ ಹೆಬ್ಬಾರರಾಗುತ್ತಾನೆ ಎಂದು ನಾನು ಆಸೆ ತೋರಿಸುವುದಿಲ್ಲ. ಅದು ಮೋಸ. ಗಣಿತ ಕಲಿತವರೆಲ್ಲ ಗಣಿತಶಾಸ್ತ್ರಜ್ಞರಾಗುವರೇ? ಇಲ್ಲ. ಅಂಗಡಿಯವನು ಕೊಟ್ಟ ಚಿಲ್ಲರೆಯನ್ನು ಎಣಿಸಿಕೊಳ್ಳಲು ಬಂದರೆ ಸಾಕು ಎಂದು ಕಲಿಸುತ್ತೇವೆ. ಡ್ರಾಯಿಂಗೂ ಹಾಗೆಯೇ. ಬಡಗಿ, ಫಿಟ್ಟರು, ದರ್ಜಿ, ಕಟ್ಟಡದ ಮೇಸ್ತ್ರಿ, ಬೋರ್ಡು ಬರೆಯುವವನು, ಕಂಪ್ಯೂಟರಿನಲ್ಲಿ ಲೇಬಲ್ಲು ಮಾಡುವವನು, ಎಲ್ಲರಿಗೂ ನಕ್ಷೆ ಓದುವ ಕಣ್ಣು ಬೇಕು. ಯಾವ ಕೆಲಸಕ್ಕೂ ಸೇರದಿದ್ದರೂ, ತಾನು ನೋಡಿದ್ದನ್ನು ನಾಲ್ಕು ಜನರೆದುರು ಇಡುವ ಧೈರ್ಯ ಬೇಕು.

"ಖರ್ಚು ಬಹಳ" ಎಂಬುದು ಇನ್ನೊಂದು ಮಾತು. ದೊಡ್ಡ ಡ್ರಾಯಿಂಗ್ ಹಾಳೆ ಇಪ್ಪತ್ತೆರಡಕ್ಕೆ ಮೂವತ್ತು ಇಂಚಿನದು. ಅದನ್ನು ನಾಲ್ಕು ಮಾಡಿದರೆ ಹನ್ನೊಂದಕ್ಕೆ ಹದಿನೈದರ ನಾಲ್ಕು ಹಾಳೆ, ಅಂದರೆ ಒಬ್ಬನಿಗೆ ಒಂದು ತಿಂಗಳ ನಾಲ್ಕು ಆದಿತ್ಯವಾರ. ಅಭ್ಯಾಸಕ್ಕೆ ಹಳೆಯ ಬಿಲ್ಲುಪುಸ್ತಕದ ಹಿಂಬದಿ ಸಾಕು. ಎಚ್.ಬಿ. ಪೆನ್ಸಿಲು ಒಂದು, ಮೆದು ಪೆನ್ಸಿಲು ಒಂದು, ಒಂದು ಅಡಿಕೋಲು, ಒಂದು ಕೈವಾರ. ಬಣ್ಣದ ಪೆಟ್ಟಿಗೆ ಮೂವರಿಗೆ ಒಂದು. ದುಬಾರಿ ಬಣ್ಣ ಬೇಡ. ಕೆಂಪು, ಹಳದಿ, ನೀಲಿ ಮೂರರಿಂದಲೇ ಬೇರೆ ಬಣ್ಣಗಳನ್ನು ಕಲಸಲು ಕಲಿಯುವುದು ಮೊದಲ ಪಾಠ. ಸಂಘದ ನಿಧಿಯಿಂದ ಹಾಳೆ ಕೊಡೋಣ ಎಂದು ನಾನು ಕಾರ್ಯಕಾರಿ ಸಮಿತಿಯಲ್ಲಿ ಸೂಚನೆ ಮಂಡಿಸಿದ್ದೇನೆ.

ಕೊನೆಯದಾಗಿ ಪಾಲಕರಲ್ಲಿ ಮೂರು ಅರಿಕೆ. ಮಗು ಚಿತ್ರ ತಂದು ತೋರಿಸಿದಾಗ "ಇದೇನು ಕುದುರೆಯೋ ಕತ್ತೆಯೋ?" ಎಂದು ನಗಬೇಡಿ. "ಇದನ್ನು ಎಲ್ಲಿ ನೋಡಿದೆ?" ಎಂದು ಕೇಳಿ. ಎರಡನೆಯದು, ಡ್ಯೂಟಿಯಿಂದ ದಣಿದು ಬಂದಿದ್ದರೂ ಹತ್ತು ನಿಮಿಷ ಅಲುಗಾಡದೆ ಕುಳಿತು ನಿಮ್ಮ ಮುಖವನ್ನು, ನಿಮ್ಮ ಕೈಯನ್ನು ಮಗುವಿಗೆ ಬರೆಯಲು ಕೊಡಿ. ನಮ್ಮ ಕೈಗಳ ಗೆಣ್ಣು, ಸುಟ್ಟ ಕಲೆ, ಸೋಡಾ ಪುಡಿಯಿಂದ ಒಡೆದ ಚರ್ಮ, ಇವನ್ನು ಇಷ್ಟು ಗಮನವಿಟ್ಟು ಬೇರೆ ಯಾರು ನೋಡಿಯಾರು? ನನ್ನ ಮಗಳು ನನ್ನ ಕೈ ಬರೆದಳು. ಬರೆಯುತ್ತ ಬರೆಯುತ್ತ, "ಅಪ್ಪಾ, ಈ ಗಾಯ ಯಾವಾಗ ಆದದ್ದು?" ಎಂದು ಕೇಳಿದಳು. ಅಷ್ಟು ವರ್ಷ ಅವಳು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಮೂರನೆಯದು, ಹೆಣ್ಣುಮಕ್ಕಳನ್ನು ಮನೆಗೆಲಸದ ನೆವದಲ್ಲಿ ಆದಿತ್ಯವಾರ ತಡೆಯಬೇಡಿ.

ಬಂಧುಗಳೇ, ನಮ್ಮನ್ನು ಕೈ ಎಂದು ಕರೆದು ಕೆಲಸಕ್ಕೆ ಇಟ್ಟುಕೊಂಡರು. "ಎಷ್ಟು ಕೈ ಬೇಕು?" ಎಂದೇ ಕೇಳುತ್ತಿದ್ದರು. ನಮಗೆ ಕಣ್ಣೂ ಇದೆ, ಬುದ್ಧಿಯೂ ಇದೆ ಎಂಬುದನ್ನು ನಾವೇ ಮರೆತಿದ್ದೆವು. ನಮ್ಮ ಮಕ್ಕಳು ಮರೆಯಬಾರದು. ಆದಿತ್ಯವಾರದ ಆ ಎರಡು ಗಂಟೆಯನ್ನು ಉಳಿಸಬೇಕೆಂದು ಕೇಳಿಕೊಳ್ಳುತ್ತೇನೆ. ಕೈ ಎತ್ತುವ ಮುಂಚೆ ಹಿಂದಿನ ಗೋಡೆಯ ಮೇಲೆ ಮಕ್ಕಳು ಅಂಟಿಸಿರುವ ಚಿತ್ರಗಳನ್ನು ಒಮ್ಮೆ ನೋಡಿ ಬನ್ನಿ. ಅದರಲ್ಲಿ ಒಂದು ನಿಮ್ಮದೇ ಮುಖ ಇದ್ದೀತು.